ಶಾಲು ಹೊದೆಸಿದ್ದು ಸಾಕು, ಹೊರೆ ಇಳಿಸಿ

ಪಾಲಕ ಬಂಧುಗಳೇ,

ನಮ್ಮ ಕನ್ನಡ ಶಾಲೆಗಳ ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ದೂರೊಂದಿದೆ. "ಟೀಚರ್ ಮೊದಲಿನ ಹಾಗಿಲ್ಲ. ಸಣ್ಣ ಮಾತಿಗೂ ಸಿಡುಕುತ್ತಾರೆ. ಮಕ್ಕಳ ಮೇಲೆ ಆಸಕ್ತಿಯೇ ಹೋಗಿದೆ." ಈ ದೂರು ಸುಳ್ಳೆಂದು ನಾನು ವಾದಿಸುವುದಿಲ್ಲ. ಅದನ್ನು ತಪ್ಪು ವಿಳಾಸಕ್ಕೆ ಹಾಕುತ್ತಿದ್ದೀರಿ ಎನ್ನುವುದಷ್ಟೇ ನನ್ನ ತಕರಾರು.

ಆ ಟೀಚರಿಗೆ ಈಗ 48 ವರ್ಷ ಎಂದಿಟ್ಟುಕೊಳ್ಳಿ. ಕಾಸರಗೋಡು ಜಿಲ್ಲೆಯ ಒಂದು ಅನುದಾನಿತ ಕನ್ನಡ ಶಾಲೆ. ಅವರ ಶಾಲಾ ವರ್ಷ ಜೂನ್‌ನಲ್ಲಿ ಅಲ್ಲ, ಏಪ್ರಿಲ್‌ನಲ್ಲೇ ಶುರುವಾಗುತ್ತದೆ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆ. ಆ ಲೆಕ್ಕದ ಮೇಲೆ ಡಿವಿಜನ್ ಉಳಿಯುತ್ತದೆ, ಇಲ್ಲವೇ ಬೀಳುತ್ತದೆ. ಅದರ ಜೊತೆ ಹುದ್ದೆಯೂ. ಆದ್ದರಿಂದ ರಜೆಯ ಸುಡುಬಿಸಿಲಲ್ಲಿ ಮನೆಮನೆ ಹತ್ತಿಳಿದು "ಮಗುವನ್ನು ಕನ್ನಡಕ್ಕೇ ಸೇರಿಸಿ" ಎಂದು ಕೈಮುಗಿಯುವವರು ಅವರೇ. ಮಗು ಬರಲು ವಾಹನ ಬೇಕೆಂದರೆ ಬಾಡಿಗೆಗೆ ಸಂಬಳದಿಂದ ಎತ್ತಿಡುವವರೂ ಎಷ್ಟೋ ಶಾಲೆಗಳಲ್ಲಿ ಅವರೇ. ಕನ್ನಡ ಉಳಿಸಿ ಎಂದು ವೇದಿಕೆಯಲ್ಲಿ ಗುಡುಗಿದ ಮಹನೀಯರು ತಮ್ಮ ಮೊಮ್ಮಕ್ಕಳನ್ನು ಎಲ್ಲಿಗೆ ಸೇರಿಸಿದ್ದಾರೆ ಎಂದು ಆ ಬಿಸಿಲಲ್ಲಿ ಅವರು ಕೇಳಿದ್ದರೆ ತಪ್ಪಾಗುತ್ತಿರಲಿಲ್ಲ. ಅವರು ಕೇಳಲಿಲ್ಲ.

ಶಾಲೆ ತೆರೆದ ಮೇಲೆ ಸುತ್ತೋಲೆ ಬರುತ್ತದೆ, ಮಲಯಾಳದಲ್ಲಿ. ತರಬೇತಿ ನಡೆಯುತ್ತದೆ, ಮಲಯಾಳದಲ್ಲಿ. ಅದನ್ನೆಲ್ಲ ಕನ್ನಡಕ್ಕೆ ತಂದು, ನಿಮಗೆ ಅರ್ಥವಾಗುವಂತೆ ಚೀಟಿ ಬರೆದು ಮಗುವಿನ ಚೀಲದಲ್ಲಿಡುವವರು ಯಾರು? ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ನಾವು ಬೀದಿಗಿಳಿದು ಪ್ರತಿಭಟಿಸಿದ್ದೇವೆ, ಸರಿ. ಆದರೆ ಪ್ರತಿಭಟನೆ ಮುಗಿದು ನಾವು ಮನೆಗೆ ಹೋದ ಮೇಲೆ, ಆ ತರಗತಿಯ ಮಕ್ಕಳು ತಿಳಿಯದ ಗಣಿತವನ್ನು ಹಿಡಿದುಕೊಂಡು ಓಡಿದ್ದು ಯಾರ ಬಳಿಗೆ? ಕಲೋತ್ಸವ ಬಂದರೆ ಕನ್ನಡ ಭಾಷಣ, ಕಂಠಪಾಠ, ಯಕ್ಷಗಾನ ಎಲ್ಲದಕ್ಕೂ ಮಕ್ಕಳನ್ನು ಸಜ್ಜು ಮಾಡುವವರು ಯಾರು?

"ಸಂಬಳ ಸಿಗುವುದಿಲ್ಲವೇ?" ಎನ್ನುವವರಿದ್ದಾರೆ. ಸಿಗುತ್ತದೆ, ಪಾಠ ಮಾಡಲು. ಊಟದ ಲೆಕ್ಕ, ದಾಖಲೆ, ಚುನಾವಣಾ ಕೆಲಸ ಮಲಯಾಳ ಶಾಲೆಯ ಅಧ್ಯಾಪಿಕೆಗೂ ಇದೆ. ಆದರೆ ಅನುವಾದಕಿಯ ಕೆಲಸ ಆಕೆಗಿಲ್ಲ, ಭಾಷೆಯನ್ನು ಬದುಕಿಸುವ ಹೊಣೆಯೂ ಇಲ್ಲ. ನಮ್ಮ ಟೀಚರ್ ಪ್ರತಿದಿನ ತೆರುತ್ತಿರುವುದು ಕನ್ನಡದ ಮೇಲಿನ ಸುಂಕ. ಜತ್ತ, ಅಕ್ಕಲಕೋಟೆಯ ಶಾಲೆಗಳಲ್ಲಿ ಮರಾಠಿ ಸುತ್ತೋಲೆ, ತಾಳವಾಡಿಯಲ್ಲಿ ತಮಿಳು ಸುತ್ತೋಲೆ ಹಿಡಿದು ಕುಳಿತವರೂ ಇದೇ ಸುಂಕ ತೆರುತ್ತಿದ್ದಾರೆ.

ಇನ್ನು ಮನೆ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಹೆಚ್ಚುಕಡಿಮೆ ಐದು ಗಂಟೆ! ಅತ್ತೆಯ ಔಷಧ, ಮಗಳ ಪರೀಕ್ಷೆ ಎಲ್ಲವೂ ಸೇರುವುದು ಇದೇ ವಯಸ್ಸಿನಲ್ಲಿ. ಅದರ ಮೇಲೆ ದೇಹದ ಬದಲಾವಣೆ. ಮುಟ್ಟು ನಿಲ್ಲುವುದು ಸಾಮಾನ್ಯವಾಗಿ 45ರಿಂದ 55ರ ನಡುವೆ. ಅದರ ಮುಂಚಿನ ಕೆಲವು ವರ್ಷ ರಾತ್ರಿ ನಿದ್ದೆಯಿಲ್ಲ, ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿ, ಗಂಟುನೋವು, ಮರೆವು. ಈ ಮಾತನ್ನು ಸ್ಟಾಫ್ ರೂಮಿನಲ್ಲೂ ಪಿಸುಗುಟ್ಟಿಯೇ ಆಡಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಇದೇ ಸುಸ್ತಿನ ವೇಷದಲ್ಲಿ ಬರುವುದರಿಂದ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಲೇಬೇಕು. ಆದರೆ ಆಸ್ಪತ್ರೆಗೆ ಹೋಗಲು ರಜೆ ಹಾಕಿದರೆ ಆ ದಿನ ತರಗತಿ ನೋಡಲು ಕನ್ನಡ ಬಲ್ಲವರು ಇನ್ನೊಬ್ಬರಿಲ್ಲ!

ಇಷ್ಟು ಸಾಲದೆಂಬಂತೆ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. 1ರಿಂದ 8ನೇ ತರಗತಿಯ ಅಧ್ಯಾಪಕರಲ್ಲಿ ಶಿಕ್ಷಕ ಅರ್ಹತಾ ಪರೀಕ್ಷೆ ಪಾಸಾಗದವರು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ, ಎರಡು ವರ್ಷದೊಳಗೆ ಪಾಸಾಗಬೇಕು ಎಂದಿತು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಹಿರಿಯ ಪೀಠಕ್ಕೆ ಬಿಟ್ಟಿತು. ತೀರ್ಪಿನ ಸರಿತಪ್ಪನ್ನು ವಕೀಲರು ಚರ್ಚಿಸಲಿ. ಕಾಲು ಶತಮಾನ ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದವರು ರಾತ್ರಿ ಪಾತ್ರೆ ತೊಳೆದು ಅರ್ಹತೆಗಾಗಿ ಓದಲು ಕೂರುವ ಚಿತ್ರವನ್ನು ನೀವು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಬಳಲಿಕೆಗೆ, ಅಂದರೆ ಬರ್ನೌಟ್‌ಗೆ, ಲಕ್ಷಣ ಹೇಳಿತು. ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕೈಯಿಂದ ಕೆಲಸ ಸಾಗದಂತಾಗುವುದು. ನಿಮ್ಮ ದೂರಿನ ಮೂರು ವಾಕ್ಯಗಳನ್ನು ಇದರ ಪಕ್ಕದಲ್ಲಿಟ್ಟು ಓದಿ. ಇದನ್ನು ಆ ಸಂಸ್ಥೆ ರೋಗವೆಂದು ಕರೆಯಲಿಲ್ಲ. ಕೆಲಸದ ಸ್ಥಳದಲ್ಲಿ ನಿಭಾಯಿಸದೆ ಬಿಟ್ಟ ಒತ್ತಡದ ಫಲವೆಂದಿತು. ಆದರೂ ನಮ್ಮಲ್ಲಿ ಸಿಗುವ ಪರಿಹಾರವೇನು? ಶನಿವಾರದ ಒಂದು ತರಬೇತಿ, ಕಣ್ಣುಮುಚ್ಚಿ ದೀರ್ಘವಾಗಿ ಉಸಿರಾಡಿ ಎಂಬ ಉಪದೇಶ. ಪ್ರಾಣಾಯಾಮ ಕೆಟ್ಟದ್ದಲ್ಲ. ಆದರೆ ತಲೆಯ ಮೇಲೆ ಮೂಟೆ ಹೊರಿಸಿ, ಉಸಿರಾಡುವುದು ಹೇಗೆಂದು ಕಲಿಸುವುದು ಯಾವ ನ್ಯಾಯ?

ನಮ್ಮ ಸಂಘಟನೆಗಳೂ ಹೊಣೆ ತಪ್ಪಿಸಿಕೊಳ್ಳುವಂತಿಲ್ಲ. ನವೆಂಬರ್ 1ರಂದು ಟೀಚರಿಗೆ ಶಾಲು ಹೊದೆಸಿ, ಹಾರ ಹಾಕಿ, 'ತ್ಯಾಗಮಯಿ' ಎನ್ನುತ್ತೇವೆ. ತ್ಯಾಗ ಎಂಬ ಪದ ನಮಗೆ ಬಹಳ ಅಗ್ಗದಲ್ಲಿ ಸಿಕ್ಕಿದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸುವ ಹೊಣೆಯನ್ನು ರಾಜ್ಯದ ಮೇಲೆ ಹಾಕಿದೆ. 48 ವರ್ಷದ ಹೆಂಗಸೊಬ್ಬರ ನಿದ್ದೆಯನ್ನು ಸೌಲಭ್ಯವೆಂದು ಆ ವಿಧಿ ಎಲ್ಲೂ ಹೇಳಿಲ್ಲ. ಸರಕಾರ ಕೊಡಬೇಕಾದುದನ್ನು ಆಕೆ ಮೌನವಾಗಿ ತುಂಬಿಕೊಟ್ಟಷ್ಟೂ ಕೊರತೆ ಕಡತದಲ್ಲಿ ಕಾಣಿಸುವುದೇ ಇಲ್ಲ.

ತಾಯಂದಿರೇ, ಬೀಡಿ ಕಟ್ಟಿ, ತೋಟದ ಕೆಲಸ ಮುಗಿಸಿ ಬಂದು ಇದನ್ನು ಓದುತ್ತಿರುವ ನಿಮಗೆ ಈ ಸುಸ್ತನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ತಂದೆಯಂದಿರಿಗೆ ಹೇಳುವುದಿದೆ. ಬರುವ ಏಪ್ರಿಲ್‌ನಲ್ಲಿ ಮನೆಮನೆಗೆ ನೀವು ಹೋಗಿ. ಶಾಲೆ ನಿಮ್ಮ ಮಕ್ಕಳದು. ವಾಹನದ ಲೆಕ್ಕ ಸಂಘ ವಹಿಸಿಕೊಳ್ಳಲಿ. ರಾತ್ರಿ ಎಂಟರ ಮೇಲೆ ಟೀಚರಿಗೆ ಫೋನ್ ಮಾಡಬೇಡಿ. ಮುಂದಿನ ಸಭೆಯಲ್ಲಿ ಒಂದು ನಿರ್ಣಯ ಬರೆಯಿರಿ: ಸುತ್ತೋಲೆ ಕನ್ನಡದಲ್ಲೇ ಬರಬೇಕು, ಖಾಲಿ ಹುದ್ದೆಗೆ ಕನ್ನಡ ಬಲ್ಲವರೇ ಬರಬೇಕು, ಅಧ್ಯಾಪಿಕೆ ರಜೆ ಹಾಕಿದರೆ ಬದಲಿಯವರು ಬೇಕು. ಅದನ್ನು ಟೀಚರ ಕೈಯಲ್ಲಿ ಬರೆಸಬೇಡಿ. ನೀವೇ ಬರೆದು, ಸಹಿ ಹಾಕಿ, ಉಪಜಿಲ್ಲಾ ವಿದ್ಯಾಧಿಕಾರಿಯ ಕಚೇರಿಗೆ ನೀವೇ ಕೊಂಡೊಯ್ದು ಕೊಟ್ಟು ರಶೀದಿ ಪಡೆಯಿರಿ.