ಇಳಿಜಾರು ಹಿತ್ತಲು: ಮೊದಲು ನೀರು, ಆಮೇಲೆ ಬೀಜ

ಭಟ್ಕಳ ತಾಲ್ಲೂಕಿನ ಮಾವಳ್ಳಿಗೆ ಒಂದು ಬದಿ ಮುರ್ಡೇಶ್ವರದ ಕಡಲು, ಇನ್ನೊಂದು ಬದಿ ಸಹ್ಯಾದ್ರಿಯ ತಪ್ಪಲು. ಇಂಥ ಕಡೆ ಗುಡ್ಡದ ಓರೆಯಲ್ಲಿ ಮನೆ ಕಟ್ಟಿಕೊಂಡವರು ‘ಹಿತ್ತಲು ಇಳಿಜಾರು, ಏನೂ ಬೆಳೆಯುವುದಿಲ್ಲ’ ಎನ್ನುವುದುಂಟು. ತಪ್ಪು ಇಳಿಜಾರಿನದಲ್ಲ, ಓಡುವ ನೀರನ್ನು ತಡೆಯದೆ ಬೀಜ ಹಾಕುವುದು ತಪ್ಪು.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. 1 ಚದರ ಮೀಟರ್ ನೆಲಕ್ಕೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 1 ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಕರಾವಳಿಯ ಮಳೆಗಾಲದಲ್ಲಿ ದಿನಕ್ಕೆ 100 ಮಿ.ಮೀ. ಮಳೆ ಅಪರೂಪವಲ್ಲ. ಅಂದರೆ ಒಂದು ಗುಂಟೆಗೆ ಒಂದೇ ದಿನ 10,000 ಲೀಟರ್ ನೀರು! ಅದು ಇಳಿದು ಹೋಗುವಾಗ ಮೇಲ್ಮಣ್ಣನ್ನೂ ಹಾಕಿದ ಗೊಬ್ಬರವನ್ನೂ ಒಯ್ಯುತ್ತದೆ. ಉಳಿಯುವುದು ಜಂಬಿಟ್ಟಿಗೆ ಕಲ್ಲು ಮಾತ್ರ.

ತಡೆಯುವ ಉಪಾಯ ಸುಲಭ. ಮೂರು ಕೋಲುಗಳನ್ನು ಇಂಗ್ಲಿಷಿನ ‘ಎ’ ಅಕ್ಷರದಂತೆ ಕಟ್ಟಿ, ತುದಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಡಬೇಕು. ಒಂದು ಕಡೆ ನಿಲ್ಲಿಸಿ, ದಾರ ಅಡ್ಡಕೋಲಿಗೆ ತಾಗುವಲ್ಲಿ ಗುರುತು ಹಾಕಬೇಕು. ಕಾಲುಗಳನ್ನು ಅದಲುಬದಲು ಮಾಡಿ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೊಂದು ಗುರುತು. ಎರಡರ ನಡುಮಧ್ಯಕ್ಕೆ ದಾರ ಬಂದಾಗ ಎರಡೂ ಕಾಲು ಸಮಮಟ್ಟದಲ್ಲಿವೆ ಎಂದರ್ಥ. ಹೀಗೆ ಹೆಜ್ಜೆಹೆಜ್ಜೆಗೆ ಗೂಟ ನೆಟ್ಟರೆ ಸಮಪಾತಳಿಯ ಗೆರೆ ಸಿಗುತ್ತದೆ. ಆ ಗೆರೆಯಲ್ಲಿ ಗೇಣುದ್ದ ಆಳದ ಕಾಲುವೆ ತೋಡಿ, ಮಣ್ಣನ್ನು ಕೆಳಬದಿಗೆ ಏರಿ ಹಾಕಬೇಕು. ಏರಿಯ ಮೇಲೆ ಲಾವಂಚ, ಅನಾನಸು. ಏರಿಗಳ ನಡುವೆ ಕೆಸು, ಸುವರ್ಣಗೆಡ್ಡೆ, ಅರಿಶಿನ. ಬಚ್ಚಲ ನೀರು ಹೋಗುವಲ್ಲಿ ಬಸಳೆ ಚಪ್ಪರ. ಬರಿ ನೆಲಕ್ಕೆ ತರಗೆಲೆ ಮುಚ್ಚಬೇಕು.

ಹಿರಿಯರು ಗಮನಿಸಬೇಕಾದ ಮಾತೊಂದಿದೆ. ತರಕಾರಿಗೆ ಜಾಗ ಬೇಕೆಂದು ಮನೆ ಹಿಂದಿನ ಗುಡ್ಡವನ್ನು ನೆಟ್ಟಗೆ ಕಡಿಯಬಾರದು. ಮನೆಯ ಮೇಲ್ಭಾಗದ ಕಡಿದಾದ ಇಳಿಜಾರಿನಲ್ಲಿ ನೀರು ನಿಲ್ಲಿಸುವ ಕಾಲುವೆಯೂ ಬೇಡ. ಅಲ್ಲಿ ಬೇರಿಳಿಸುವ ಗಿಡಗಳಿರಲಿ, ನೀರು ಪಕ್ಕಕ್ಕೆ ಹರಿದುಹೋಗಲಿ. 2022ರ ಆಗಸ್ಟ್‌ನಲ್ಲಿ ಇದೇ ತಾಲ್ಲೂಕಿನ ಮುಟ್ಟಳ್ಳಿಯಲ್ಲಿ ಭಾರಿ ಮಳೆಗೆ ಗುಡ್ಡ ಮನೆಯ ಮೇಲೆ ಕುಸಿದು ನಾಲ್ವರು ಸತ್ತದ್ದನ್ನು ಮರೆಯುವಂತಿಲ್ಲ.

ಇಳಿಜಾರು ಒಲಿಯದ ನೆಲವೇನಲ್ಲ. ದಕ್ಷಿಣ ಕನ್ನಡದ ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ನೀರಿಗಾಗಿ ಒಬ್ಬರೇ ಸುರಂಗ ಕೊರೆದರು. ಐದು ವಿಫಲವಾದವು, ಆರನೆಯದರಲ್ಲಿ ನೀರು ಬಂತು, ತೋಟ ಎದ್ದಿತು. 2022ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು.

ಹಿತ್ತಲಿಗೆ ಅಷ್ಟು ದುಡಿಮೆ ಬೇಡ. ಮೇ ತಿಂಗಳ ರಜೆಯಲ್ಲಿ ನಾಲ್ಕು ದಿನ ಸಾಕು. ಮೊದಲ ಮಳೆಗೆ ಹಿತ್ತಲಿನಿಂದ ಹೊರಬೀಳುವ ನೀರನ್ನು ಮಕ್ಕಳು ನೋಡಲಿ: ಕೆಂಪಾಗಿದ್ದರೆ ಮಣ್ಣು ಹೋಗುತ್ತಿದೆ, ತಿಳಿಯಾಗಿದ್ದರೆ ಬೀಜ ಹಾಕಲು ಅಡ್ಡಿಯಿಲ್ಲ.