ಬಾವಿಯೊಳಗಿನ ಕಿರುಕೊಳವೆ ಮತ್ತು ಬಜೆಟ್ಟಿನ ದೃಷ್ಟಿದೋಷ

ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಗುಹೆಗಳನ್ನು ಬಂಡೆ ಕೊರೆದು ನಿರ್ಮಿಸಿದ್ದೇವೆ. ಅಗತ್ಯದ ಶೇ 85ಕ್ಕೂ ಹೆಚ್ಚು ಕಚ್ಚಾ ತೈಲವನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಇದು ವಿವೇಕದ ಕ್ರಮವೇ. ಆದರೆ ನಮ್ಮದೇ ನೆಲದ ತೈಲ ಬಾವಿಯಲ್ಲೇ ಸಿಕ್ಕಿಬೀಳದಂತೆ ನೋಡಿಕೊಳ್ಳಲು ಅಷ್ಟೇ ಆಸ್ಥೆ ವಹಿಸಿದ್ದೇವೆಯೇ?

ಭೂಗರ್ಭದ ತೈಲ ಮೇಲೇರಿದಂತೆ ಶಾಖ, ಒತ್ತಡ ಎರಡೂ ಇಳಿಯುತ್ತವೆ. ಅದರಲ್ಲಿರುವ ಮೇಣ ಗಟ್ಟಿಯಾಗಿ ಕೊಳವೆಯ ಗೋಡೆಗೆ ಅಂಟುತ್ತದೆ. ಜೊತೆಗೆ ಬರುವ ನೀರಿನ ಲವಣಗಳು ಗಡಸುನೀರಿನ ಹಂಡೆಯಲ್ಲಿ ಕಾಣುವಂತೆ ಪದರಗಟ್ಟುತ್ತವೆ. ಉಕ್ಕು ತುಕ್ಕು ಹಿಡಿಯುತ್ತದೆ. ಇದಕ್ಕೊಂದು ಪರಿಹಾರ, ಮುಖ್ಯ ಕೊಳವೆಯ ಹೊರಮೈಗೆ ಬಿಗಿದ, ಕಾಲು ಅಂಗುಲದಷ್ಟೇ ದಪ್ಪದ ಉಕ್ಕಿನ ಕಿರುಕೊಳವೆ. ನೆಲದ ಮೇಲಿನ ಪಂಪು ಅದರ ಮೂಲಕ ಅಳತೆಯ ರಾಸಾಯನಿಕವನ್ನು ಆಳಕ್ಕೆ ಕಳುಹಿಸುತ್ತದೆ. ತೈಲ ಹಿಮ್ಮುಖವಾಗಿ ನುಗ್ಗದಂತೆ ತುದಿಯಲ್ಲೊಂದು ಕವಾಟವಿರುತ್ತದೆ. ಪದರಗಟ್ಟಲು ತೊಡಗುವ ಆಳಕ್ಕಿಂತ ಕೆಳಗೇ ಮದ್ದು ಸೇರಬೇಕು. ಮೇಲೆ ಸುರಿದರೆ ವ್ಯರ್ಥ.

ರಾಜಸ್ಥಾನದ ಬಾರ್ಮೇರ್‌ನ ಮಂಗಳಾ ನಿಕ್ಷೇಪ ಪತ್ತೆಯಾದದ್ದು 2004ರಲ್ಲಿ, ಉತ್ಪಾದನೆ ಆರಂಭಿಸಿದ್ದು 2009ರಲ್ಲಿ. ಅಲ್ಲಿಯ ತೈಲದಲ್ಲಿ ಮೇಣ ಎಷ್ಟೆಂದರೆ, ಗುಜರಾತ್ ಕರಾವಳಿಯವರೆಗಿನ ಸುಮಾರು 670 ಕಿ.ಮೀ. ಮಾರ್ಗವನ್ನು ಸದಾ ಬಿಸಿಯಾಗಿಡಬೇಕಾಯಿತು. ಆ ಮಾರ್ಗ ದೇಶದ ಗಮನ ಸೆಳೆಯಿತು. ಬಾವಿಯೊಳಗಿನ ಉಪಕರಣಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಅರ್ಥಶಾಸ್ತ್ರ ಓದಿ, ದಶಕಗಳ ಕಾಲ ಸರ್ಕಾರಿ ಕಡತಗಳೊಡನೆ ಕಳೆದ ನನಗೆ ಈ ಕುರುಡು ಪರಿಚಿತವೇ. ಹೊಸ ಕಾಮಗಾರಿಗೆ ಶಂಕುಸ್ಥಾಪನೆಯುಂಟು, ನಿರ್ವಹಣೆಗಿಲ್ಲ. ಮಿತವ್ಯಯದ ಸುತ್ತೋಲೆ ಬಂದಾಗ ಮೊದಲು ಕತ್ತರಿ ಬೀಳುವುದೂ ನಿರ್ವಹಣೆಯ ಬಾಬಿಗೇ. ಲಾಭಕ್ಕಾಗಿ ಕಂಪೆನಿಗಳೇ ಎಚ್ಚರ ವಹಿಸುತ್ತವೆ ಎಂಬ ವಾದ ಪೂರ್ತಿ ಒಪ್ಪುವಂಥದ್ದಲ್ಲ. ಕಿರುಕೊಳವೆಯ ವೆಚ್ಚ ಇಂದಿನ ಅಧಿಕಾರಿಯ ಲೆಕ್ಕಕ್ಕೆ, ಫಲ ವರ್ಷಗಳ ನಂತರ ಬರುವವರ ಲೆಕ್ಕಕ್ಕೆ. ಆಮೇಲೆ ಅಳವಡಿಸುವುದೆಂದರೆ ಬಹುಪಾಲು ರಿಗ್ ತರಿಸಿ ಕೊಳವೆ ಮೇಲೆತ್ತುವ ದುಬಾರಿ ಕೆಲಸ.

2011-12ರಲ್ಲಿ ಸುಮಾರು 3.8 ಕೋಟಿ ಟನ್ ಇದ್ದ ದೇಶೀಯ ಉತ್ಪಾದನೆ 2023-24ರಲ್ಲಿ 3 ಕೋಟಿ ಟನ್‌ಗಿಂತ ಕೆಳಗಿಳಿಯಿತು. ನಿಕ್ಷೇಪಗಳಿಗೆ ವಯಸ್ಸಾದದ್ದು ಇದಕ್ಕೆ ಮುಖ್ಯ ಕಾರಣ. ಕಿರುಕೊಳವೆ ಅದನ್ನು ತಡೆಯಲಾರದು. ಹಾಗೆಂದೇ ಇರುವ ಬಾವಿಗಳ ಜೋಪಾನ ಮುಖ್ಯ. ತೈಲ ಹೊರತೆಗೆಯುವ ಸುಧಾರಿತ ವಿಧಾನಗಳ ಉತ್ತೇಜನ ನೀತಿಗೆ ಕೇಂದ್ರ ಸಂಪುಟ 2018ರಲ್ಲಿ ಒಪ್ಪಿಗೆ ನೀಡಿತು. ಹೆಚ್ಚುವರಿ ಉತ್ಪಾದನೆಗೆ ಸೆಸ್ ರಿಯಾಯಿತಿ ಘೋಷಿಸಿತು. ಒಳ್ಳೆಯದೇ. ಆದರೆ ಹೆಚ್ಚುವರಿ ತೈಲವನ್ನು ಅಳೆಯಬಹುದು. ನಷ್ಟವಾಗದೆ ಉಳಿದ ತೈಲವನ್ನು ಅಳೆಯುವವರು ಯಾರು?

ಎಲ್ಲ ಬಾವಿಗೂ ಇದೇ ಮದ್ದಲ್ಲ. ಆದ್ದರಿಂದ ಬಾವಿ ಪೂರ್ಣಗೊಳಿಸುವ ಮುನ್ನವೇ ಅದರ ತೈಲ, ನೀರುಗಳ ಪರೀಕ್ಷೆ ಕಡ್ಡಾಯವಾಗಲಿ. ಪದರಗಟ್ಟಿ, ತುಕ್ಕು ಹಿಡಿದು ಬಾವಿಗಳು ಸ್ಥಗಿತಗೊಂಡ ದಿನಗಳ ಲೆಕ್ಕವನ್ನು ಸಾರ್ವಜನಿಕ ತೈಲ ಸಂಸ್ಥೆಗಳು ವಾರ್ಷಿಕ ವರದಿಯಲ್ಲಿ ಪ್ರಕಟಿಸಲಿ. ಲೆಕ್ಕಕ್ಕೆ ಬಾರದ ನಷ್ಟಕ್ಕೆ ಯಾರೂ ಹೊಣೆಯಾಗುವುದಿಲ್ಲ. ಅದರ ಬೆಲೆಯನ್ನು ಮಾತ್ರ ನಾವೆಲ್ಲರೂ ಆಮದಿನ ಡಾಲರುಗಳಲ್ಲಿ ತೆರುತ್ತೇವೆ.