ಗೇರುಪೆಟ್ಟಿಗೆ ಕೆಟ್ಟಿದೆಯಂತೆ

ಕನ್ನಡದಲ್ಲಿ 'ಅಂತೆ' ಎಂಬ ಒಂದು ಸಣ್ಣ ಬಾಲವಿದೆ. 'ಮಳೆ ಬಂತು' ಎಂದರೆ ನಾನು ನೆನೆದಿದ್ದೇನೆ, ಅಥವಾ ಕಿಟಕಿಯಲ್ಲಿ ನಿಂತು ನೋಡಿದ್ದೇನೆ. 'ಮಳೆ ಬಂತಂತೆ' ಎಂದರೆ ಯಾರೋ ಹೇಳಿದರು, ನಾನು ಕೇಳಿದೆ, ಸುಳ್ಳಾದರೆ ನನ್ನನ್ನು ಹಿಡಿಯಬೇಡಿ. ಮಾತಿನ ಮೂಲ ಯಾವುದು ಎಂದು ಮಾತಿನೊಳಗೇ ಹೇಳಿಬಿಡುವ ಈ ಸೌಕರ್ಯ ಎಲ್ಲ ಭಾಷೆಗಳಿಗೂ ಇಲ್ಲ. ನಾನಿರುವ ದೌಂಡದ ಮರಾಠಿಯಲ್ಲಿ 'ಮ್ಹಣೆ' ಇದೆ, ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಹೀಗೆ ಅಂಟುವ ಬಾಲವಿಲ್ಲ. ಬೇಕಿದ್ದರೆ ಬೇರೆ ಪದವೊಂದನ್ನು ತಂದು ಸೇರಿಸಬೇಕು, ಬೇಡವೆನಿಸಿದರೆ ಬಿಟ್ಟುಬಿಡಬಹುದು. ಕಾರಿನ ಕಂಪ್ಯೂಟರುಗಳು ಮಾತಾಡುವುದು ಇಂಗ್ಲಿಷಿನಲ್ಲಿ. ಅವು ಹೇಳುವುದರಲ್ಲಿ ಬಹುಪಾಲು ಅಂತೆಕಂತೆ. ಆ ಅಂತೆಯನ್ನು ಅಳಿಸಿ ನಮ್ಮ ಕೈಗೆ ಎಪ್ಪತ್ತು ಸಾವಿರದ ಎಸ್ಟಿಮೇಟು ಕೊಡಲಾಗುತ್ತಿದೆ ಎಂಬುದು ನನ್ನ ತಕರಾರು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಟೊಮ್ಯಾಟಿಕ್ ಕಾರಿನಲ್ಲಿ ಗೇರು ಯಾವಾಗ ಬದಲಾಗಬೇಕು ಎಂದು ತೀರ್ಮಾನಿಸುವ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ, ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್, ಬಾಯಿಮಾತಿನಲ್ಲಿ ಟಿಸಿಎಂ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಎಎಂಟಿ ಎಂಬ ಅಗ್ಗದ ಆಟೊಮ್ಯಾಟಿಕ್ ಸಣ್ಣ ಊರುಗಳಿಗೂ ತಲುಪಿತು. ಎಎಂಟಿಯ ಒಳಗೆ ಇರುವುದು ಮಾಮೂಲು ಗೇರುಪೆಟ್ಟಿಗೆಯೇ. ಕ್ಲಚ್ ತುಳಿಯುವ ಕಾಲು, ಗೇರು ಹಾಕುವ ಕೈ ಮಾತ್ರ ಯಂತ್ರದ್ದು. ಆ ಕೈಕಾಲಿಗೆ ಅಪ್ಪಣೆ ಕೊಡುವುದು ಟಿಸಿಎಂ. ಅದು ಒಂಟಿಯಾಗಿ ಕೂತಿಲ್ಲ. ಎಂಜಿನ್ನಿನ ಕಂಪ್ಯೂಟರು, ಬ್ರೇಕಿನ ಕಂಪ್ಯೂಟರು, ಮುಂದಿನ ಮೀಟರು, ಇವೆಲ್ಲ ಒಂದಕ್ಕೊಂದು ಹೆಣೆದ ಒಂದು ಜೊತೆ ತಂತಿಯ ಮೇಲೆ ಸದಾ ಹರಟುತ್ತಿರುತ್ತವೆ. ಬಾಷ್ ಕಂಪನಿ 1986ರಲ್ಲಿ ಡೆಟ್ರಾಯಿಟಿನಲ್ಲಿ ಲೋಕಕ್ಕೆ ತೋರಿಸಿದ ಕ್ಯಾನ್ ಬಸ್ ಎಂಬ ವ್ಯವಸ್ಥೆ ಇದು. ನಮ್ಮ ಅಗಸೆಕಟ್ಟೆ ಇದ್ದ ಹಾಗೆ. ಯಾರು ಬೇಕಾದರೂ ಮಾತಾಡಬಹುದು, ಎಲ್ಲರ ಕಿವಿಗೂ ಎಲ್ಲವೂ ಬೀಳುತ್ತದೆ, ತಮಗೆ ಬೇಕಾದುದನ್ನು ಹೆಕ್ಕಿಕೊಳ್ಳುತ್ತಾರೆ.

ಈಗ ಸ್ಕ್ಯಾನರಿನಲ್ಲಿ ಪಿ0700 ಎಂಬ ಕೋಡು ಬಂತು ಎನ್ನಿ. ಗೇರುಪೆಟ್ಟಿಗೆ ಕೆಟ್ಟಿದೆ ಎಂದು ಅದರ ಅರ್ಥವಲ್ಲ. ಎಂಜಿನ್ನಿನ ಕಂಪ್ಯೂಟರು ಹೇಳುತ್ತಿರುವುದು ಇಷ್ಟು: 'ಗೇರಿನವನು ದೀಪ ಹಚ್ಚು ಅಂದ, ಹಚ್ಚಿದ್ದೇನೆ. ಅವನಿಗೇನೋ ತೊಂದರೆಯಂತೆ. ಏನೆಂದು ಅವನನ್ನೇ ಕೇಳಿ.' ಯು0101 ಎಂಬ ಇನ್ನೊಂದು ಕೋಡಿದೆ. ಯು ಅಕ್ಷರದಿಂದ ಶುರುವಾಗುವುವೆಲ್ಲ ಸಂಪರ್ಕಕ್ಕೆ ಸಂಬಂಧಿಸಿದವು. ಇದು ಹೇಳುವುದು: 'ಟಿಸಿಎಂನ ದನಿ ನನಗೆ ಕೇಳಿಸುತ್ತಿಲ್ಲ.' ಪಕ್ಕದ ಮನೆಯವರು ಬಾಗಿಲು ತೆಗೆಯಲಿಲ್ಲ ಎಂಬಷ್ಟೇ ಸುದ್ದಿ. ಅವರು ಮಲಗಿರಬಹುದು, ಊರಿಗೆ ಹೋಗಿರಬಹುದು, ಕರೆಗಂಟೆಯ ತಂತಿ ಹರಿದಿರಬಹುದು. ಸತ್ತಿದ್ದಾರೆ ಎಂದು ನೇರವಾಗಿ ಚಟ್ಟ ಕಟ್ಟಲು ಯಾರೂ ಹೊರಡುವುದಿಲ್ಲ.

ಆದರೆ ಎಸ್ಟಿಮೇಟಿನ ಹಾಳೆಯಲ್ಲಿ ಹೊರಡುತ್ತಾರೆ. ಇದರಲ್ಲಿ ನಮ್ಮ ಭಾಷೆಯ ಪಾಲೂ ಸ್ವಲ್ಪ ಇದೆ. ಕರೆಂಟು ಹೋಯ್ತು, ನೆಟ್‌ವರ್ಕ್ ಹೋಯ್ತು, ಮಾನ ಹೋಯ್ತು, ಜೀವ ಹೋಯ್ತು, ಎಲ್ಲಕ್ಕೂ ಒಂದೇ 'ಹೋಗು'. ಮೊದಲ ಎರಡು ತಿರುಗಿ ಬರುತ್ತವೆ, ಕೊನೆಯದು ಬರುವುದಿಲ್ಲ. 'ಟಿಸಿಎಂ ಹೋಗಿದೆ' ಎಂದಾಗ ಯಾವ ಹೋಗುವಿಕೆ ಅದು ಎಂದು ಕೇಳುವ ಅಭ್ಯಾಸ ನಮಗಿಲ್ಲ.

ಕಳೆದ ಮಳೆಗಾಲದ ಕೊನೆಗೆ ನಮ್ಮ ಮನೆ ಮಾಲೀಕರ ಕಾರು ಪುಣೆ–ಸೋಲಾಪುರ ಹೆದ್ದಾರಿಯಲ್ಲಿ, ಪಾಟಸದ ಹತ್ತಿರ, ನ್ಯೂಟ್ರಲ್ಲಿಗೆ ಬಿದ್ದು ನಿಂತುಬಿಟ್ಟಿತು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ನಾನು ಕಾಕಾ ಎನ್ನುತ್ತೇನೆ. ದೌಂಡದಲ್ಲಿ ಮೂರು ಮನೆಗೆ ಒಂದು ರೈಲ್ವೆ ಮನೆ. ಮನಮಾಡಕ್ಕೆ ಹೋಗುವ ಹಳಿ ಸೋಲಾಪುರದ ಹಳಿಯಿಂದ ಬೇರೆಯಾಗುವುದು ಇಲ್ಲಿಯೇ. ಕಾರನ್ನು ಎಳೆಸಿಕೊಂಡು ಪುಣೆಗೆ ಒಯ್ದರು. ಎರಡು ದಿನದ ಮೇಲೆ ಎಸ್ಟಿಮೇಟು ಬಂತು, ಇಂಗ್ಲಿಷಿನಲ್ಲಿ. ಭಾಷಾಂತರ ಮಾಡುವವಳು ಎಂಬ ಕಾರಣಕ್ಕೆ ಹಾಳೆ ನನ್ನ ಕೈಗೆ ಬಂತು. ಯು0101, ಟಿಸಿಎಂ ವಿಫಲ, ಬದಲಾವಣೆ ಅಗತ್ಯ, ತೆರಿಗೆ ಸೇರಿ ಎಪ್ಪತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಮೊದಲ ಪದಕ್ಕೂ ಎರಡನೆಯದಕ್ಕೂ ನಡುವೆ ಇರಬೇಕಾದ ಇಡೀ ಪುಟವೇ ಕಾಣೆಯಾಗಿತ್ತು. ಏನೇನು ಪರೀಕ್ಷಿಸಿದಿರಿ ಎಂದು ಫೋನಿನಲ್ಲಿ ಕೇಳಿದೆ. 'ಸ್ಕ್ಯಾನ್ ಮಾಡಿದ್ದೇವೆ ಮ್ಯಾಡಮ್' ಎಂದರು. ಸ್ಕ್ಯಾನ್ ಆದ ಮೇಲೆ? 'ಸ್ಕ್ಯಾನಿನಲ್ಲೇ ಬಂದಿದೆಯಲ್ಲ.'

ಕಾಕಾ ಕಾರನ್ನು ವಾಪಸು ತಂದರು. ಎಳೆಸಿದ್ದಕ್ಕೆ ಮತ್ತೊಂದು ಸಲ ದುಡ್ಡು. ಇಲ್ಲಿ ಒಬ್ಬ ಆಟೊ ಇಲೆಕ್ಟ್ರಿಷಿಯನ್ ಇದ್ದಾರೆ, ಊರವರ ಬಾಯಲ್ಲಿ ವಾಯರ್‌ಮನ್. ಅಫಜಲಪುರದ ಕಡೆಯವರು, ಬಂದು ಇಪ್ಪತ್ತು ವರ್ಷವಾಗಿದೆ. ಸ್ಕ್ಯಾನರನ್ನು ಅವರು ಕೊನೆಗೆ ತೆಗೆದರು. ಮೊದಲು ತೆಗೆದದ್ದು ಮಲ್ಟಿಮೀಟರು. ಮುಕ್ಕಾಲು ತಾಸಿನ ಮೇಲೆ ತಲೆ ಎತ್ತಿ, 'ಇದು ಸತ್ತಿಲ್ರೀ ಅಕ್ಕಾರ, ಬಾಯಿ ಬಂದ್ ಆಗ್ಯದ ಅಷ್ಟೇ' ಎಂದರು.

ಆ ಮುಕ್ಕಾಲು ತಾಸಿನಲ್ಲಿ ಅವರು ಮಾಡಿದ್ದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದರಲ್ಲಿ ಗುಟ್ಟು ಯಾವುದೂ ಇಲ್ಲ. ಮೊದಲು ಬ್ಯಾಟರಿ. ಎಎಂಟಿಯ ಯಂತ್ರಗೈಗೆ ಬಲ ಬೇಕು. ವೋಲ್ಟೇಜು ಕುಸಿದಾಗ ಕಂಪ್ಯೂಟರುಗಳು ತಲೆಬುಡವಿಲ್ಲದ ಕೋಡು ಬರೆದಿಡುತ್ತವೆ, ಆಮೇಲೆ ವೋಲ್ಟೇಜು ಸರಿಹೋದರೂ ಬರೆದದ್ದು ಹಾಗೇ ಉಳಿಯುತ್ತದೆ. ಎಂಜಿನ್ ನಿಂತಿದ್ದಾಗ ಹನ್ನೆರಡೂವರೆ ವೋಲ್ಟಿನ ಸುತ್ತ ಇದ್ದರೆ ಸಾಲದು, ಸ್ಟಾರ್ಟರು ತಿರುಗುವಾಗ ಎಷ್ಟಕ್ಕೆ ಇಳಿಯುತ್ತದೆ ಎಂದೂ ನೋಡಬೇಕು. ನೋಡಿದರು, ಸರಿ ಇತ್ತು. ಆಮೇಲೆ ಫ್ಯೂಸು, ರಿಲೇ. ಆಮೇಲೆ ಬ್ರೇಕ್ ಪೆಡಲಿನ ಹಿಂದಿನ ಸ್ವಿಚ್ಚು. ಬ್ರೇಕು ಒತ್ತಿದ್ದು ತಿಳಿಯದಿದ್ದರೆ ಎಷ್ಟೋ ಎಎಂಟಿ ಕಾರುಗಳು ಗೇರು ಹಾಕುವುದೇ ಇಲ್ಲ. ಕೆಲವು ನೂರು ರೂಪಾಯಿಯ ಈ ಸ್ವಿಚ್ಚು ಎಷ್ಟು ಮನೆಗಳಲ್ಲಿ 'ಗೇರುಪೆಟ್ಟಿಗೆ ಹೋಗಿದೆ' ಎಂಬ ಸೂತಕ ತಂದಿದೆಯೋ.

ನಂತರ ಬ್ಯಾಟರಿ ಬಿಚ್ಚಿ, ಸ್ಟೀರಿಂಗಿನ ಕೆಳಗೆ ಸ್ಕ್ಯಾನರು ಚುಚ್ಚುವ ಜಾಗದಲ್ಲಿ 6 ಮತ್ತು 14ನೆಯ ತೂತಿಗೆ ಮೀಟರಿನ ಎರಡು ಕಡ್ಡಿ ಇಟ್ಟರು. ಆ ಹರಟೆಯ ತಂತಿಯ ಎರಡು ತುದಿಯಲ್ಲೂ 120 ಓಮಿನ ಒಂದೊಂದು ರೆಸಿಸ್ಟರು ಇರುತ್ತದೆ. ಎರಡೂ ಸೇರಿ ಮೀಟರಿನಲ್ಲಿ 60 ತೋರಿಸಬೇಕು. 120 ಬಂದರೆ ಎಲ್ಲೋ ತಂತಿ ತುಂಡಾಗಿದೆ ಅಥವಾ ಒಂದು ತುದಿ ಕಳಚಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ಅಂಟಿಕೊಂಡಿವೆ. ಬಂದದ್ದು 60. ಅಂದರೆ ಮುಖ್ಯ ತಂತಿ ಗಟ್ಟಿ. ಕಬ್ಬಿನ ಗದ್ದೆಗಳ ನಡುವಿನ ಊರಾದ್ದರಿಂದ ಇಲಿ ಕಡಿದಿದೆಯೇ ಎಂದು ಬಾನೆಟ್ಟಿನ ಒಳಗೆ ಟಾರ್ಚು ಹಿಡಿದು ಹುಡುಕಿದ್ದೂ ಆಯಿತು.

ಕೊನೆಗೆ ಟಿಸಿಎಂಗೆ ವಿದ್ಯುತ್ತು ಬರುತ್ತಿದೆಯೇ ಎಂಬ ಪ್ರಶ್ನೆ. ಬ್ಯಾಟರಿ ಮತ್ತೆ ಜೋಡಿಸಿ ನೋಡಿದರೆ ಬರುತ್ತಿತ್ತು, ಹನ್ನೆರಡು ವೋಲ್ಟು. ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ: ಕರೆಂಟು ಬಂದಿದೆ, ತಂತಿ ಸರಿ ಇದೆ, ಆದರೂ ಮಾತಾಡುತ್ತಿಲ್ಲ, ಹಾಗಾದರೆ ಪೆಟ್ಟಿಗೆಯೇ ಸತ್ತಿದೆ. ಇವರು ನಿಲ್ಲಲಿಲ್ಲ. ಬಂದ ವಿದ್ಯುತ್ತು ವಾಪಸು ಹೋಗುವ ದಾರಿ, ಅರ್ಥ್, ಹೇಗಿದೆ ಎಂದು ನೋಡಿದರು. ಮೀಟರಿನ ಒಂದು ಕಡ್ಡಿ ಟಿಸಿಎಂನ ಅರ್ಥ್ ತಂತಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ. ಸುಮ್ಮನಿದ್ದಾಗ ಸೊನ್ನೆ. ಕಾಕಾರಿಗೆ ಗೇರು ಹಾಕಲು ಹೇಳಿದರು. ಮೀಟರು ಒಂದೂವರೆ ವೋಲ್ಟಿನ ಹತ್ತಿರಕ್ಕೆ ಜಿಗಿಯಿತು. ವೋಲ್ಟಿನ ಹತ್ತನೇ ಒಂದೆರಡು ಭಾಗಕ್ಕಿಂತ ಹೆಚ್ಚು ಬರಬಾರದ ಜಾಗ ಅದು. ಬ್ಯಾಟರಿ ಕೂರುವ ತಟ್ಟೆಯ ಕೆಳಗೆ, ಬಾಡಿಗೆ ಬಿಗಿದ ಬೋಲ್ಟಿನ ಸುತ್ತ ಹಸಿರು-ಬಿಳಿ ತುಕ್ಕು ಕೂತಿತ್ತು. ಕೆಲಸವಿಲ್ಲದಾಗ ಸಂಪರ್ಕ ಸರಿಯಾಗಿಯೇ ಕಾಣುತ್ತದೆ. ಗೇರು ಬದಲಿಸಲು ಬಲ ಬೇಕಾದ ಕ್ಷಣಕ್ಕೆ ಆ ತುಕ್ಕು ಅಡ್ಡ ನಿಂತು, ಟಿಸಿಎಂ ಅರೆಜೀವವಾಗಿ, ಬಾಯಿ ಮುಚ್ಚುತ್ತದೆ. ಉಜ್ಜುಕಾಗದ, ಹೊಸ ಲಗ್, ಮೇಲೊಂದಿಷ್ಟು ವ್ಯಾಸಲೀನು. ನಾನೂರು ರೂಪಾಯಿ ತೆಗೆದುಕೊಂಡರು. ಆಮೇಲೆ ಸ್ಕ್ಯಾನರು ಹಾಕಿ ಕೋಡು ಅಳಿಸಿ, ಕುರಕುಂಭದವರೆಗೆ ಓಡಿಸಿಕೊಂಡು ಬಂದು ಮತ್ತೆ ಓದಿದರು. ಕೋಡು ಇರಲಿಲ್ಲ.

ಇದೊಂದು ಅದೃಷ್ಟದ ಕಥೆ, ಎಲ್ಲ ಟಿಸಿಎಂಗಳೂ ನಾನೂರಕ್ಕೆ ಏಳುವುದಿಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಮಾಡ್ಯೂಲುಗಳು ನಿಜವಾಗಿಯೂ ಸಾಯುತ್ತವೆ. ಫೋರ್ಡಿನ ಪವರ್‌ಶಿಫ್ಟ್ ಗೇರುಪೆಟ್ಟಿಗೆಯ ಟಿಸಿಎಂ ಎಷ್ಟು ಕಾಟ ಕೊಟ್ಟಿತೆಂದರೆ 2014ರಲ್ಲಿ ಅಮೆರಿಕದಲ್ಲಿ ಆ ಒಂದು ಭಾಗಕ್ಕೆ ಹತ್ತು ವರ್ಷ ಅಥವಾ ಒಂದೂವರೆ ಲಕ್ಷ ಮೈಲಿಯ ವಾರಂಟಿ ಕೊಡಬೇಕಾಯಿತು. ಪವರ್‌ಶಿಫ್ಟ್ ಗಿರಾಕಿಗಳ ದೂರುಗಳನ್ನು ನಿಭಾಯಿಸಿದ ರೀತಿಗೆ 2018ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಕಂಪನಿಗೆ ಒಂದು ಕೋಟಿ ಡಾಲರ್ ದಂಡ ಹಾಕಿತು. ಅಲ್ಲಿನ ಗಿರಾಕಿಗಳಿಗೆ ಎಷ್ಟೋ ಸಲ ಹೇಳಲಾಗಿದ್ದೇನೆಂದರೆ, ತಪ್ಪು ನೀವು ಓಡಿಸುವ ರೀತಿಯಲ್ಲಿದೆ ಎಂದು. ಪುಣೆಯಲ್ಲಿ ಆದದ್ದಕ್ಕೆ ಇದು ತಿರುಗುಮುರುಗು: ಒಂದು ಕಡೆ ಕೆಟ್ಟದ್ದನ್ನು ಕೆಟ್ಟಿಲ್ಲ ಎನ್ನುವುದು, ಇನ್ನೊಂದು ಕಡೆ ಕೆಡದ್ದನ್ನು ಕೆಟ್ಟಿದೆ ಎನ್ನುವುದು. ಎರಡರಲ್ಲೂ ಪುರಾವೆ ಕೇಳುವ ಹಕ್ಕು ಗಿರಾಕಿಗಿಲ್ಲ ಎಂಬುದು ಮಾತ್ರ ಸಮಾನ.

ಪೆಟ್ಟಿಗೆ ನಿಜಕ್ಕೂ ಹೋಗಿದ್ದರೆ ಮುಂದಿನ ದಾರಿ ಬೇರೆ. ಎಂಜಿನ್ನಿನ ಕಾವು ಮತ್ತು ಕುಲುಕಾಟಕ್ಕೆ ಒಳಗಿನ ಬೆಸುಗೆ ಬಿರುಕು ಬಿಡುವುದುಂಟು. ಬೋರ್ಡು ರಿಪೇರಿ ಮಾಡುವವರು ಪುಣೆಯಲ್ಲೂ ಬೆಂಗಳೂರಿನಲ್ಲೂ ಇದ್ದಾರೆ. ಗುಜರಿಯಿಂದ ಹಳೆಯದೊಂದನ್ನು ತಂದು ಕೂರಿಸಿದರೆ ಆಗುತ್ತದೆ ಎಂಬುದು ಮಾತ್ರ ಬಲ್ಬು ಬದಲಿಸಿದ ಹಾಗಲ್ಲ. ಹಲವು ಕಾರುಗಳಲ್ಲಿ ಮಾಡ್ಯೂಲಿಗೆ ಆಯಾ ಗಾಡಿಯ ಗುರುತು ಬರೆದಿರುತ್ತದೆ, ಬೇರೆ ಗಾಡಿಯಲ್ಲಿ ಅದು ಮುನಿಸಿಕೊಂಡು ಕೂರುತ್ತದೆ. ಹೊಸದಾದರೂ ಅದಕ್ಕೆ ತಂತ್ರಾಂಶ ತುಂಬಿ, ಈ ಕ್ಲಚ್ಚು ಎಲ್ಲಿ ಕಚ್ಚುತ್ತದೆ, ಈ ಗೇರು ಎಲ್ಲಿ ಕೂರುತ್ತದೆ ಎಂದು ಕಲಿಸಬೇಕು. ಆ ಕಲಿಸುವ ಸಲಕರಣೆ ಯಾರ ಬಳಿ ಇದೆ ಎಂಬಲ್ಲಿಗೆ ವಿಷಯ ದುಡ್ಡಿನಿಂದ ರಾಜಕೀಯಕ್ಕೆ ಹೊರಳುತ್ತದೆ.

ವರ್ಕ್‌ಶಾಪಿನ ಹುಡುಗರನ್ನು ಬೈಯಲು ನನಗೆ ಮನಸ್ಸಿಲ್ಲ. ಮುಕ್ಕಾಲು ತಾಸು ಮೀಟರು ಹಿಡಿದು ಕೂತರೆ ಅವರ ಲೆಕ್ಕದಲ್ಲಿ ಅದು ಖಾಲಿ ಸಮಯ, ಭಾಗ ಬದಲಿಸಿದರೆ ಬಿಲ್ಲು. ಭಾಗ ಬದಲಿಸಿದ ಮೇಲೂ ತೊಂದರೆ ಹೋಗದಿದ್ದರೆ 'ಇನ್ನೊಂದು ಭಾಗವೂ ಹೋಗಿದೆ' ಎನ್ನಬಹುದು. ಹುಡುಕುವುದಕ್ಕೆ ನಾವು ಗಿರಾಕಿಗಳೂ ದುಡ್ಡು ಕೊಡುವುದಿಲ್ಲ, ನೋಡಿ. ಆ ವಾಯರ್‌ಮನ್ ನಾನೂರು ಕೇಳಿದಾಗ ಕಾಕಾ ಕೂಡ ಒಂದು ಬೋಲ್ಟಿಗೆ ಇಷ್ಟೇ ಎಂದು ಹುಬ್ಬು ಏರಿಸಿದ್ದರು. ಸಾವಿರ ಕೇಳಿದ್ದರೂ ಕಡಿಮೆಯೇ ಆಗುತ್ತಿತ್ತು.

ಆದರೆ ಕಾರು ಕಂಪನಿಗಳ ವಿಷಯ ಬೇರೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತು. ಬಿಡಿಭಾಗ, ದೋಷ ಪತ್ತೆಯ ಸಲಕರಣೆ, ತಾಂತ್ರಿಕ ಕೈಪಿಡಿಗಳನ್ನು ಹೊರಗಿನ ಮೆಕ್ಯಾನಿಕ್ಕರಿಗೆ ಸಿಗದಂತೆ ಮಾಡಿದ್ದೀರಿ ಎಂಬುದು ಆರೋಪದ ತಿರುಳು. ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು, ವಾಹನಗಳನ್ನೂ ಅದರಲ್ಲಿ ಸೇರಿಸಿತು, ವರ್ಷದ ಕೊನೆಗೆ ಪೋರ್ಟಲ್ ಬಂತು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 2012ರಲ್ಲೇ ಜನ ಮತ ಹಾಕಿ ಇಂಥ ಕಾನೂನು ತಂದುಕೊಂಡಿದ್ದರು. ನಮ್ಮಲ್ಲಿ ದೌಂಡದ ವಾಯರ್‌ಮನ್ನಿಗೆ ಇವತ್ತಿಗೂ ವೈರಿಂಗಿನ ನಕ್ಷೆ ಸಿಗುವುದು ವಾಟ್ಸ್ಯಾಪಿನಲ್ಲಿ, ಯಾರೋ ತೆಗೆದ ಫೋಟೊದ ಫೋಟೊದ ಫೋಟೊ ರೂಪದಲ್ಲಿ. ಅದನ್ನು ಹಿಗ್ಗಿಸಿ ಹಿಗ್ಗಿಸಿ ಬಣ್ಣದ ಹೆಸರು ಓದುತ್ತಾರೆ.

ನನಗೆ ಕಾನೂನಿಗಿಂತ ಸಣ್ಣದೊಂದು ಬೇಡಿಕೆ ಇದೆ. ಮಾಡ್ಯೂಲು ಬದಲಿಸಬೇಕು ಎಂದು ಬರೆಯುವ ಎಸ್ಟಿಮೇಟಿನ ಜೊತೆ ಪರೀಕ್ಷೆಯ ಹಾಳೆ ಕಡ್ಡಾಯವಾಗಲಿ. ಬ್ಯಾಟರಿ ಎಷ್ಟಿತ್ತು, 6–14ರ ನಡುವೆ ಎಷ್ಟು ಓಮು, ಕೆಲಸ ಮಾಡುವಾಗ ಅರ್ಥಿನಲ್ಲಿ ಎಷ್ಟು ವೋಲ್ಟು, ಬೇರೆ ಕಂಪ್ಯೂಟರುಗಳು ಏನೆಂದವು. ನಾಲ್ಕು ಸಾಲು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಚೀಟಿ ಕೇಳುತ್ತೇವಲ್ಲ, ಹಾಗೆ. ಕಾನೂನು ಬರುವ ತನಕ ಕೌಂಟರಿನಲ್ಲಿ ನಿಂತು ಬಾಯಿಬಿಟ್ಟು ಕೇಳಬಹುದು. ಕೇಳಿದ ತಕ್ಷಣ ಎದುರಿನವರ ದನಿ ಬದಲಾಗುವುದನ್ನು ನಾನು ಆಮೇಲೆ ಎರಡು ಬಾರಿ ನೋಡಿದ್ದೇನೆ.

ಇನ್ನೊಂದು, ನನ್ನ ಕಸುಬಿಗೆ ಸೇರಿದ್ದು. ನಾನು ಯಂತ್ರಗಳ ಬಳಕೆದಾರರ ಕೈಪಿಡಿಗಳನ್ನು ಕನ್ನಡಕ್ಕೆ ತಂದಿದ್ದೇನೆ. ಅವುಗಳಲ್ಲಿ ಹೆಚ್ಚು ಸಲ ಬರುವ ವಾಕ್ಯ 'ಅಧಿಕೃತ ಮಾರಾಟಗಾರರನ್ನು ಸಂಪರ್ಕಿಸಿ'. ಅದಕ್ಕೂ ಪದದ ಲೆಕ್ಕದಲ್ಲಿ ದುಡ್ಡು ಬರುತ್ತದೆ, ದೂರುವುದಿಲ್ಲ. ಆದರೆ ರಿಪೇರಿ ಮಾಡುವವನ ಕೈಪಿಡಿಯನ್ನು ಕನ್ನಡ ಮಾಡಿ ಎಂದು ಇದುವರೆಗೆ ಯಾರೂ ಕಳಿಸಿಲ್ಲ. ಕೊಳ್ಳುವವನಿಗೆ ಕನ್ನಡ ಬೇಕು, ಬಿಚ್ಚುವವನಿಗೆ ಬೇಡ ಎಂಬ ಲೆಕ್ಕ. ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಕೋಡುಗಳ ಅರ್ಥ ಬಚ್ಚಿಟ್ಟ ವಿದ್ಯೆಯೇನಲ್ಲ. ಹಾಗಾಗಿ ಬಿಡುವಿದ್ದಾಗ, ಯಾರೂ ಕೇಳದಿದ್ದರೂ, ಗೇರು ಮತ್ತು ಸಂಪರ್ಕಕ್ಕೆ ಸೇರಿದ ಮೂವತ್ತು ನಲವತ್ತನ್ನು ಕನ್ನಡದಲ್ಲಿ ಬರೆಯತೊಡಗಿದ್ದೇನೆ. ವಾಯರ್‌ಮನ್ ಓದಿ ತಿದ್ದುತ್ತಾರೆ. ಪಿ0700ಕ್ಕೆ 'ಗೇರಿನ ಕಡೆ ಏನೋ ತೊಂದರೆಯಂತೆ, ಅಲ್ಲಿ ಕೇಳಿ'. ಯು0101ಕ್ಕೆ 'ಗೇರು ನಿಯಂತ್ರಕದ ದನಿ ಕೇಳುತ್ತಿಲ್ಲ' ಎಂದು ಬರೆದಿದ್ದೆ. ಅವರು 'ನಿಯಂತ್ರಕ' ಹೊಡೆದುಹಾಕಿ ಟಿಸಿಎಂ ಎಂದು ಬರೆದರು, ಸರಿಯಾಗಿಯೇ. ಪಿ0613 ಮಾತ್ರ ಇನ್ನೂ ಬಗೆಹರಿದಿಲ್ಲ. ಟಿಸಿಎಂ ತನ್ನ ಪ್ರೊಸೆಸರೇ ಸರಿ ಇಲ್ಲ ಎಂದು ತಾನೇ ಹೇಳಿಕೊಳ್ಳುವ ಕೋಡು ಅದು. ತನ್ನ ತಲೆ ಕೆಟ್ಟಿದೆ ಎಂದು ಹೇಳುವವನ ಮಾತಿಗೆ 'ಅಂತೆ' ಹಚ್ಚಬೇಕೋ ಬೇಡವೋ ಎಂದು ನಾವಿಬ್ಬರೂ ಎರಡು ವಾರದಿಂದ ವಾದಿಸುತ್ತಿದ್ದೇವೆ. ಅವರು ಬೇಡ ಎನ್ನುತ್ತಾರೆ, ನಾನು ಬೇಕು ಎನ್ನುತ್ತೇನೆ.